ಆಫ್ರಿಕಾಕ್ಕೆ ಎಂತಕ್ಕೆ ಬ್ರದರ್? ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿ ಹತ್ತಿರದ ಹಳ್ಳಿಯವನು. ಮನೆಮಾತು ಕೊಂಕಣಿ, ಹೊರಗೆ ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ಈಗ ಮಂಗಳೂರಿನಲ್ಲಿ ಒಂದು ಕಥೋಲಿಕ ಕಾಂಗ್ರಿಗೇಶನ್ (ವ್ರತ ತೊಟ್ಟವರ ಧಾರ್ಮಿಕ ಸಂಸ್ಥೆ) ಸೇರಿ ಬ್ರದರ್ ಆಗಿದ್ದೇನೆ, ಕೀನ್ಯಾಕ್ಕೆ ಹೋಗುವ ತಯಾರಿಯಲ್ಲಿದ್ದೇನೆ. ಮದುವೆ ಊಟದ ಸಾಲಿನಲ್ಲಿ, ಚರ್ಚಿನ ಅಂಗಳದಲ್ಲಿ, ಎಕ್ಸ್‌ಪ್ರೆಸ್ ಬಸ್ಸಿನ ಪಕ್ಕದ ಸೀಟಿನಲ್ಲಿ, ಹಳೇ ಕ್ಲಾಸ್‌ಮೇಟ್‌ಗಳ ವಾಟ್ಸಾಪ್‌ನಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ.

## ಮೊದಲಿಗೆ ಎಲ್ಲರೂ ಕೇಳುವುದು

ನೀನು ಫಾದರ್ ಆಗ್ಲಿಕ್ಕೆ ಹೋದದ್ದಲ್ವಾ? ಇನ್ನೂ ಬ್ರದರ್ ಅಂತಲೇ ಕರೀತಾರಲ್ಲ?

ಫಾದರ್ ಆಗಲು ಓದುತ್ತಿರುವ ಹುಡುಗರನ್ನೂ ನಮ್ಮ ಕಡೆ ಬ್ರದರ್ ಅಂತಲೇ ಕರೆಯುತ್ತಾರೆ. ಗೊಂದಲ ಶುರುವಾಗುವುದು ಅಲ್ಲಿಂದ. ನಾನು ಕೊನೆವರೆಗೂ ಬ್ರದರ್. ಬಲಿಪೂಜೆ, ಅಂದರೆ ಚರ್ಚಿನ ಮಾಸ್ ಅರ್ಪಿಸುವುದು, ಪಾಪನಿವೇದನೆ ಕೇಳುವುದು ಗುರುಗಳ, ಅಂದರೆ ಫಾದರ್‌ಗಳ ಕೆಲಸ, ನನ್ನದಲ್ಲ. ಕಾಂಗ್ರಿಗೇಶನ್ ಸೇರಿದವರಾದರೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ಇಬ್ಬರಿಗೂ ಒಂದೇ. ಬ್ರದರ್‌ಗಳಲ್ಲಿ ಮೇಷ್ಟ್ರು, ನರ್ಸ್, ಬಡಗಿ, ಲೆಕ್ಕ ನೋಡುವವರು, ಅಡುಗೆಯವರು ಎಲ್ಲರೂ ಇದ್ದಾರೆ. ನಾನು ಎಲೆಕ್ಟ್ರಿಕಲ್ ಕಲಿತವನು.

'ಪಾಪ, ಫಾದರ್ ಆಗ್ಲಿಕ್ಕೆ ಆಗಲಿಲ್ಲ' ಅನ್ನುವವರಿಗೆ ನಾನು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ತೋರಿಸುತ್ತೇನೆ. ಗೋಡೆ, ಮಾಡು ಎಲ್ಲ ಕಡೆ ಚಿತ್ರ. ಬರೆದವರು ಇಟಲಿಯ ಅಂತೋನಿಯೊ ಮೊಸ್ಕೇನಿ, 1899ರಲ್ಲಿ ಕೆಲಸ ಶುರು ಮಾಡಿದವರು. ಅವರೂ ಬ್ರದರ್, ಯೇಸುಸಭೆ ಅನ್ನುವ ಸಂಸ್ಥೆಯ ಬ್ರದರ್. ಒಂದು ಬಲಿಪೂಜೆಯನ್ನೂ ಅರ್ಪಿಸದವರ ಕೆಲಸ ನೋಡಲು ಇವತ್ತಿಗೂ ಬಸ್ಸು ಮಾಡಿಕೊಂಡು ಜನ ಬರುತ್ತಾರೆ.

ಸೇರಿದ ಕೂಡಲೇ ಫಾರಿನ್‌ಗೆ ಕಳಿಸ್ತಾರಾ?

ಇಲ್ಲ. ಮೊದಲು ಒಂದೆರಡು ವರ್ಷ ಸುಮ್ನೆ ಜೊತೆಯಲ್ಲಿದ್ದು ನೋಡುವುದು. ಅವರು ನಮ್ಮನ್ನು, ನಾವು ಅವರನ್ನು. ಆಮೇಲೆ ನೊವಿಶಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿ. ಚರ್ಚಿನ ಕಾನೂನಿನ ಪ್ರಕಾರ ಅದಕ್ಕೆ 17 ವರ್ಷ ತುಂಬಿರಬೇಕು, ಮತ್ತು ಅದು 12 ತಿಂಗಳಿಗೆ ಕಡಿಮೆ ಇರಬಾರದು. ಅದು ಮುಗಿದರೆ ತಾತ್ಕಾಲಿಕ ವ್ರತ, ಸಾಮಾನ್ಯವಾಗಿ 3ರಿಂದ 6 ವರ್ಷ. ಶಾಶ್ವತ ವ್ರತ ಆಮೇಲೆ, ಅದೂ 21 ತುಂಬಿದವರಿಗೆ ಮಾತ್ರ. ಹೊರದೇಶಕ್ಕೆ ಯಾವ ಹಂತದಲ್ಲಿ ಕಳಿಸುತ್ತಾರೆ ಅನ್ನುವುದು ಒಂದೊಂದು ಕಾಂಗ್ರಿಗೇಶನ್‌ನಲ್ಲಿ ಒಂದೊಂದು ಥರ. 'ನನಗೆ ಯುರೋಪ್ ಬೇಕು' ಅಂತ ಕೇಳಿ ಪಡೆಯುವ ವ್ಯವಸ್ಥೆ ಅಲ್ಲ ಇದು. ಆಸೆ ಹೇಳಬಹುದು, ತೀರ್ಮಾನ ಹಿರಿಯರದ್ದು.

ಹುಡುಗಿಯರೂ ಹೀಗೆ ಹೋಗ್ತಾರಾ?

ಹೋಗುವುದೇನು, ನಮಗಿಂತ ಮೊದಲೇ ಹೋಗಿದ್ದಾರೆ. ಮಂಗಳೂರಿನಲ್ಲೇ ಹುಟ್ಟಿದ ಸಿಸ್ಟರ್‌ಗಳ ಸಂಸ್ಥೆಗಳಿವೆ. 1887ರ ಉರ್ಸುಲೈನ್ ಫ್ರಾನ್ಸಿಸ್ಕನ್, 1921ರಲ್ಲಿ ಬೆಂದೂರಿನಲ್ಲಿ ಶುರುವಾದ ಬೆಥನಿ. 1870ರಿಂದ ಇಲ್ಲಿ ನೆಲೆ ನಿಂತ ಅಪೋಸ್ತಲಿಕ್ ಕಾರ್ಮೆಲ್‌ನವರು ಕುವೈತ್, ಬಹ್ರೈನ್‌ಗಳಲ್ಲಿ ಶಾಲೆ ನಡೆಸಿದ್ದಾರೆ. ಆ ಕಡೆಯಿಂದ ಈ ಕಡೆಗೆ ಬಂದವರನ್ನೂ ನೆನೆಯಬೇಕಲ್ಲ. ಉಡುಪಿಯ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ತೆರೆದದ್ದು ಸ್ವಿಟ್ಜರ್‌ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್. ನಮ್ಮ ಊರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಅಲ್ಲೇ.

ನಾವು ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟರು). ಮದುವೆ ಆದವರು ಮಿಷನರಿ ಆಗ್ಬಹುದಾ?

ನಿಮ್ಮಲ್ಲಿ ಧಾರಾಳವಾಗಿ ಆಗಬಹುದು. ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್‌ನವರು ಎಷ್ಟೋ ಮಂದಿ ಸಂಸಾರ ಸಮೇತ ಇಲ್ಲಿದ್ದವರು. ದೇವಶಾಸ್ತ್ರ ಓದುವ ಆಸೆಯಿದ್ದರೆ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜೇ ಇದೆ, ಅದರ ಬೇರು 1847ರದ್ದು. ಕಥೋಲಿಕರಲ್ಲೂ ಮದುವೆಯಾದ ಡಾಕ್ಟರು, ಟೀಚರು ಇಷ್ಟು ವರ್ಷ ಅಂತ ಒಪ್ಪಿಕೊಂಡು ಸ್ವಯಂಸೇವಕರಾಗಿ ಹೋಗುವುದುಂಟು.

## ದಿನ ಹೇಗೆ ಕಳೆಯುತ್ತದೆ

ಇಡೀ ದಿನ ಪ್ರಾರ್ಥನೆಯಾ? ಬೋರ್ ಆಗುವುದಿಲ್ವಾ ಮಾರಾಯ?

ಐದೂವರೆಗೆ ಗಂಟೆ ಹೊಡೆಯುತ್ತದೆ. ಮೌನ ಧ್ಯಾನ, ಕೀರ್ತನೆಗಳ ಪ್ರಾರ್ಥನೆ, ಬಲಿಪೂಜೆ. ತಿಂಡಿಗೆ ಕೂತಾಗ ಏಳೂವರೆ ಹತ್ತಿರ. ಆಮೇಲೆ ಕ್ಲಾಸು. ಮಧ್ಯಾಹ್ನ ಊಟ, ಸಣ್ಣ ನಿದ್ದೆ. ಮೂರರ ನಂತರ ಮೈಮುರಿಯುವ ಕೆಲಸ. ತೋಟದ ಹುಲ್ಲು ತೆಗೆಯುವುದು, ಮಳೆಗಾಲಕ್ಕೆ ಮುಂಚೆ ಹೆಂಚು ಸರಿ ಮಾಡುವುದು, ಪಾಯಿಖಾನೆ ತೊಳೆಯುವುದು. ಎಲ್ಲದಕ್ಕೂ ಸರದಿ ಉಂಟು. ಸಂಜೆ ವಾಲಿಬಾಲ್. ಸ್ನಾನ, ಜಪಸರ, ಓದು, ಊಟ, ರಾತ್ರಿ ಪ್ರಾರ್ಥನೆ. ಅಲ್ಲಿಂದ ಬೆಳಿಗ್ಗೆವರೆಗೆ ಮಾತಿಲ್ಲ. ಎಲ್ಲ ಸೇರಿಸಿದರೆ ಪ್ರಾರ್ಥನೆಗೆ ಎರಡೂವರೆ, ಮೂರು ಗಂಟೆ ಹೋಗಬಹುದು. ಬೋರ್ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಧ್ಯಾನದಲ್ಲಿ ನಿದ್ದೆಯೂ ಬರುತ್ತದೆ.

ಆದರೆ ಟೈಮ್‌ಟೇಬಲ್ ಕಷ್ಟ ಅಲ್ಲ. ಕಷ್ಟ ಇರುವುದು ಫ್ಯಾನಿನಲ್ಲಿ. ನನ್ನ ಕೋಣೆಯಲ್ಲಿ ಒಬ್ಬ ಜಾರ್ಖಂಡ್‌ನವನು, ಒಬ್ಬ ಇಡುಕ್ಕಿ ಬೆಟ್ಟದವನು. ಏಪ್ರಿಲ್ ಸೆಕೆಯಲ್ಲಿ ನನಗೆ ಫ್ಯಾನು ಐದರಲ್ಲಿ ತಿರುಗಬೇಕು, ಇಡುಕ್ಕಿಯವನಿಗೆ ಎರಡರ ಮೇಲೆ ಹೋದರೆ ಕೆಮ್ಮು. ಜಾರ್ಖಂಡ್‌ನವನ ಉಪ್ಪಿನಕಾಯಿ ಬಾಟಲಿ ತೆರೆದರೆ ಸಾಸಿವೆ ಎಣ್ಣೆ ವಾಸನೆ ಇಡೀ ವರಾಂಡಕ್ಕೆ. ನಾವು ಹುರಿಯುವ ಒಣಮೀನಿನ ಬಗ್ಗೆ ಅವನು ಹೇಳುವುದೂ ಅದೇ. ಇನ್ನೊಬ್ಬನ ಅಭ್ಯಾಸಕ್ಕೆ ಮುಖ ಸಿಂಡರಿಸದೆ ಬದುಕುವುದನ್ನು ಇಲ್ಲಿ ಕಲಿಯದವನು ನೈರೋಬಿಯಲ್ಲಿ ಕಲಿಯುತ್ತಾನೆ ಅನ್ನುವ ನಂಬಿಕೆ ನನಗಿಲ್ಲ.

ಭಾನುವಾರ ಹೊರಗಿನ ಸೇವೆ. ನಾವು ಕೆಲವರು ವೆನ್ಲಾಕ್ ಆಸ್ಪತ್ರೆಗೆ ಹೋಗುತ್ತೇವೆ. ಬಾಗಲಕೋಟೆ, ಗದಗ ಕಡೆಯಿಂದ ಕೂಲಿಗೆ ಬಂದು ಬಿದ್ದು ಕಾಲು ಮುರಿದುಕೊಂಡವರು ಇರುತ್ತಾರೆ, ಪಕ್ಕದಲ್ಲಿ ನಿಲ್ಲಲು ಯಾರೂ ಇರುವುದಿಲ್ಲ. ಗಂಜಿ ತಂದು ಕೊಡುವುದು, ಎಕ್ಸ್‌ರೇಗೆ ತಳ್ಳಿಕೊಂಡು ಹೋಗುವುದು, ಊರಿಗೆ ಫೋನ್ ಹಚ್ಚಿ ಕೊಡುವುದು. ಅಲ್ಲಿ ಧರ್ಮದ ಮಾತು ಆಡುವ ಹಾಗಿಲ್ಲ, ಅದು ನಮ್ಮ ಹಿರಿಯರದ್ದೇ ನಿಯಮ.

ಮೊಬೈಲ್ ಇಟ್ಟುಕೊಳ್ಳಬಹುದಾ?

ನೊವಿಶಿಯೇಟ್‌ನಲ್ಲಿ ಇರಲಿಲ್ಲ. ಈಗ ಉಂಟು, ಹೊತ್ತು ಗೊತ್ತು ನೋಡಿ ಬಳಸಬೇಕು. ರಾತ್ರಿ ಆಫೀಸಿನ ಕಪಾಟಿನಲ್ಲಿ ಇಟ್ಟು ಮಲಗುತ್ತೇವೆ. ಒಳ್ಳೆ ನಿದ್ದೆ.

ಅಲ್ಲಿನ ಭಾಷೆ ಹೇಗೆ ಕಲೀತೀಯ? ಇಂಗ್ಲಿಷ್ ಸಾಕಲ್ವಾ?

ಕೀನ್ಯಾದಲ್ಲಿ ಇಂಗ್ಲಿಷ್, ಸ್ವಾಹಿಲಿ ಎರಡೂ ಅಧಿಕೃತ ಭಾಷೆ. ಕಚೇರಿಗೆ ಇಂಗ್ಲಿಷ್ ಸಾಕು. ಸಂತೆಯಲ್ಲಿ, ಮನೆಯಂಗಳದಲ್ಲಿ ಸಾಕಾಗುವುದಿಲ್ಲ. ತುಳು ಬಾರದೆ ಇಪ್ಪತ್ತು ವರ್ಷ ಮಂಗಳೂರಲ್ಲಿ ಇರಬಹುದು, ಆದರೆ ಮೀನು ಮಾರುಕಟ್ಟೆಯಲ್ಲಿ ನಿಮ್ಮನ್ನು ಕೊನೆವರೆಗೂ ಹೊರಗಿನವರ ಥರವೇ ನೋಡುತ್ತಾರೆ.

ಪೂರ್ವ ಆಫ್ರಿಕಾದಲ್ಲಿ ಬಹಳ ಕಾಲ ಇದ್ದು ಬಂದ ಒಬ್ಬ ಸಿಸ್ಟರ್ ವಾರಕ್ಕೆರಡು ಸಲ ಪಾಠ ಹೇಳುತ್ತಾರೆ. ಉಳಿದ ದಿನ ಬಿಬಿಸಿ ಸ್ವಾಹಿಲಿ ಕೇಳುವುದು, ಮಾರ್ಕನ ಸುವಾರ್ತೆಯನ್ನು ಜೋರಾಗಿ ಓದುವುದು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಕಥೆಯೂ ಬೇಗ ಬೇಗ ಓಡುತ್ತದೆ. ವ್ಯಾಕರಣ ತಲೆ ತಿನ್ನುತ್ತದೆ. ನಮಗೆ ಬಹುವಚನ ಬಾಲದಲ್ಲಿ, ಅವರಿಗೆ ತಲೆಯಲ್ಲಿ. ಒಂದು ಪುಸ್ತಕ 'ಕಿತಾಬು', ಜಾಸ್ತಿ ಇದ್ದರೆ 'ವಿತಾಬು'. ತಲೆ ಬದಲಾದರೆ ಜೊತೆಗಿರುವ ಗುಣವಾಚಕ, ಕ್ರಿಯಾಪದ ಎಲ್ಲದರ ತಲೆಯೂ ಬದಲಾಗಬೇಕು.

ಅದಕ್ಕಿಂತ ಮೋಜು ಗಡಿಯಾರ. ಸ್ವಾಹಿಲಿಯಲ್ಲಿ ಹೊತ್ತಿನ ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ನಮ್ಮ ಬೆಳಿಗ್ಗೆ 7 ಗಂಟೆ ಅವರಿಗೆ 'ಸಾ ಮೋಜಾ', ಅಂದರೆ ಒಂದನೇ ಗಂಟೆ. ಮಧ್ಯಾಹ್ನ 12 ಅಂದರೆ ಆರನೇದು. ಸಿಸ್ಟರ್ ಪಾಠಕ್ಕೆ ಕರೆಯುವುದೂ ಈಗ ಇದೇ ಲೆಕ್ಕದಲ್ಲಿ. 'ಹತ್ತಕ್ಕೆ ಬಾ' ಅಂತ ಸ್ವಾಹಿಲಿಯಲ್ಲಿ ಹೇಳಿದರೆ ಸಂಜೆ ನಾಲ್ಕಕ್ಕೆ ಹಾಜರಿರಬೇಕು.

ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅದಕ್ಕೆ ಕಾರಣ ನಮ್ಮ ಊರೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಪ್ರಸಂಗಗಳು, ಅಂದರೆ ಉಪದೇಶದ ಭಾಷಣಗಳು, ಇವತ್ತು ಯಾರಿಗೆ ನೆನಪಿವೆ? ಮೊಗ್ಲಿಂಗ್ 1843ರಲ್ಲಿ ತಂದ 'ಮಂಗಳೂರು ಸಮಾಚಾರ' ನೆನಪಿದೆ, ಕನ್ನಡದ ಮೊದಲ ಪತ್ರಿಕೆ ಅಂತ ಶಾಲೆ ಮಕ್ಕಳೂ ಹೇಳುತ್ತಾರೆ. 1853ರಲ್ಲಿ ಬಂದ ಕಿಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ಅದೂ ನೆನಪಿದೆ. ಮೊದಲು ಶಿಷ್ಯನಾಗಿ ಕೂತವರದ್ದೇ ಇಲ್ಲಿ ಉಳಿದಿರುವುದು.

ಅಲ್ಲಿ ಊಟಕ್ಕೆ ಎಂತ? ಮೀನು ಸಿಗ್ತದಾ?

ವಿಕ್ಟೋರಿಯಾ ಸರೋವರದ ತಿಲಾಪಿಯಾ ಸಿಗುತ್ತದೆ. ಬಂಗುಡೆ ಮರೆತುಬಿಡುವುದು ಒಳ್ಳೆಯದು. ದಿನನಿತ್ಯದ ಊಟ ಉಗಾಲಿ. ಕುದಿಯುವ ನೀರಿಗೆ ಬಿಳಿ ಮೆಕ್ಕೆಜೋಳದ ಹಿಟ್ಟು ಹಾಕಿ ಗಟ್ಟಿಯಾಗುವವರೆಗೆ ತಿರುವುವುದು, ನಮ್ಮ ಘಟ್ಟದ ಮೇಲಿನವರ ಮುದ್ದೆಯ ಹಾಗೆ. ಜೊತೆಗೆ ಹುರಿದ ಸೊಪ್ಪು. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ನನಗೆ ಮುದ್ದೆಯೇ ಹೊಸದು. ಹಾಗಾಗಿ ನಾವು ಬ್ರದರ್‌ಗಳಿರುವ ಮನೆಯಲ್ಲಿ ಈಗ ವಾರಕ್ಕೊಮ್ಮೆ ಉಗಾಲಿ. ಚಪಾತಿ, ಚಹಾ ಅಲ್ಲೂ ಮನೆಮನೆಯಲ್ಲಿ ಉಂಟು. ಅಮ್ಮನಿಗೆ ಅದನ್ನು ಹೇಳಿದ ಮೇಲೆಯೇ ಸಮಾಧಾನ ಆದದ್ದು.

ನಿನಗೆ ಅಲ್ಲಿ ಕೆಲಸ ಎಂತ? ಪ್ರಸಂಗ ಮಾಡುವುದಾ?

ಮಿಷನರಿ ಅಂದರೆ ಮೈಕ್ ಹಿಡಿದವನು ಅಂತ ಒಂದು ಚಿತ್ರ ಜನರ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ಕೈಯಲ್ಲಿ ಜಾಸ್ತಿ ಇರುವುದು ಟೆಸ್ಟರ್. ಹುಡುಗರಿಗೆ ವೈರಿಂಗ್, ಪಂಪ್ ರಿಪೇರಿ, ಸೋಲಾರ್ ಕಲಿಸುವ ಶಾಲೆಗೆ ನನ್ನನ್ನು ಕಳಿಸುವ ಯೋಚನೆ ಇದೆ. ಅದಕ್ಕೆ ಬೇಕಾದ್ದನ್ನು ಈಗ ಅಭ್ಯಾಸ ಮಾಡುತ್ತಿದ್ದೇನೆ. ಕೀನ್ಯಾದಲ್ಲಿ ಬ್ರಿಟಿಷ್ ಮಾದರಿ ಪ್ಲಗ್, ಆಯತಾಕಾರದ ಪಿನ್ನು. ಪ್ಲಗ್ಗಿನ ಹೊಟ್ಟೆಯೊಳಗೇ ಒಂದು ಪುಟ್ಟ ಫ್ಯೂಸ್ ಕೂತಿರುತ್ತದೆ. ಕೇಬಲ್ ಸುಲಿಯುವಾಗ ಅರ್ತ್ ವೈರನ್ನು ಉಳಿದೆರಡಕ್ಕಿಂತ ಒಂದಿಷ್ಟು ಉದ್ದ ಬಿಡಬೇಕು. ಯಾರಾದರೂ ಕೇಬಲ್ ಎಳೆದರೂ ಕೊನೆಗೆ ಕಿತ್ತು ಬರುವುದು ಅರ್ತ್ ಆಗಿರಲಿ ಅಂತ. ಇಷ್ಟನ್ನು ಸ್ವಾಹಿಲಿಯಲ್ಲಿ ಒಬ್ಬ ಹದಿನೇಳರ ಹುಡುಗನಿಗೆ ಅರ್ಥ ಮಾಡಿಸಬೇಕು. ಪ್ರಸಂಗವೇ ಸುಲಭ ಅನಿಸುತ್ತದೆ ಕೆಲವೊಮ್ಮೆ.

ಇದು ಹೊಸ ಐಡಿಯಾ ಏನಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಪ್ಲೆಬ್ಸ್ಟ್ ಕೂಡ ಮಿಷನ್‌ನವರೇ. ಕರಾವಳಿಯ ಮನೆಗಳ ಮಾಡು ಕೆಂಪಾದದ್ದು ಆಮೇಲೆ.

## ಮನೆ, ದುಡ್ಡು, ಕಾಗದಪತ್ರ

ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ತಾರೆ?

ನನಗೆ ಅಣ್ಣ ಇದ್ದಾನೆ, ಹಾಗಾಗಿ ನನಗೆ ಉತ್ತರ ಸುಲಭ. ಒಬ್ಬನೇ ಮಗನಿಗೆ ಸುಲಭವಲ್ಲ. ತಂದೆತಾಯಿಗೆ ಬೇರೆ ಆಸರೆ ಇಲ್ಲ ಅಂದರೆ 'ಮೊದಲು ಮನೆ ನೋಡು' ಅಂತ ಹೇಳಿ ಕಳಿಸಿದ್ದನ್ನು ನಾನು ನೋಡಿದ್ದೇನೆ. ಸರಿಯಾದ್ದೇ ಅದು. ದುಬೈಗೆ ಮಗನನ್ನು ಕಳಿಸಿ ಅಭ್ಯಾಸ ಇರುವ ಊರು ನಮ್ಮದು. ದೂರದ ಬಗ್ಗೆ ಅಮ್ಮ ಅತ್ತಿದ್ದು ಕಡಿಮೆ, ಸೊಸೆ ಬರುವುದಿಲ್ಲ ಅಂತ ಅತ್ತಿದ್ದು ಜಾಸ್ತಿ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಮನೆಯಲ್ಲಿ ಏಳೂವರೆಗೆ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುವಾಗ ಅಲ್ಲಿ ಸಂಜೆ ಐದು. ಆ ಹೊತ್ತಿಗೆ ಫೋನ್ ಮಾಡು ಅಂತ ಈಗಲೇ ಆರ್ಡರ್ ಆಗಿದೆ.

ಸಂಬಳ ಎಷ್ಟು? ಆಸ್ತಿ ಪಾಲು ಬಿಟ್ಟುಬಿಡಬೇಕಾ?

ಸಂಬಳ ಬಂದರೂ ನನ್ನ ಕಿಸೆಗೆ ಬರುವುದಿಲ್ಲ. ವ್ರತ ಆದ ಮೇಲೆ ದುಡಿದದ್ದೆಲ್ಲ ಸಂಸ್ಥೆಗೆ. ಬಟ್ಟೆ, ಔಷಧಿ, ಪ್ರಯಾಣ ಅವರೇ ನೋಡುತ್ತಾರೆ. ಕೈಖರ್ಚಿಗೆ ಸಣ್ಣ ಮೊತ್ತ ಕೊಡುತ್ತಾರೆ, ಅದಕ್ಕೂ ಲೆಕ್ಕ ಬರೆಯಬೇಕು.

ಆಸ್ತಿ ವಿಷಯ ಜನ ಮೆಲ್ಲ ದನಿಯಲ್ಲಿ ಕೇಳುತ್ತಾರೆ, ನಾನು ಜೋರಾಗಿಯೇ ಹೇಳುತ್ತೇನೆ. ಮೊದಲ ವ್ರತಕ್ಕೆ ಮುಂಚೆ ನಮ್ಮ ಸ್ವತ್ತಿನ ಉಸ್ತುವಾರಿ ಬೇರೆಯವರಿಗೆ ವಹಿಸಬೇಕು. ಶಾಶ್ವತ ವ್ರತಕ್ಕೆ ಮುಂಚೆ ವಿಲ್ ಬರೆಯಬೇಕು, ದೇಶದ ಕಾನೂನಿನಲ್ಲಿ ನಿಲ್ಲುವ ಹಾಗೆ. ಚರ್ಚಿನ ನಿಯಮವೇ ಹಾಗಿದೆ. ಅಣ್ಣತಮ್ಮಂದಿರ ಜಗಳ ತಪ್ಪಿಸಲು ಇದಕ್ಕಿಂತ ಒಳ್ಳೆ ನಿಯಮ ಇಲ್ಲ ಅಂತ ನನ್ನ ಅಭಿಪ್ರಾಯ.

ಎಜುಕೇಶನ್ ಲೋನ್ ಬಾಕಿ ಉಂಟು. ಸೇರಿಸಿಕೊಳ್ತಾರಾ?

ತೀರಿಸಲಾಗದ ಸಾಲ ಇದ್ದವರನ್ನು ನೊವಿಶಿಯೇಟ್‌ಗೆ ತೆಗೆದುಕೊಳ್ಳಬಾರದು ಅಂತ ಕಾನೂನಿನಲ್ಲೇ ಇದೆ. ಎರಡು ಮೂರು ವರ್ಷ ದುಡಿದು ಸಾಲ ತೀರಿಸಿ ಬನ್ನಿ. ಕೆಲಸ ಮಾಡಿ ಬಂದವರಿಗೆ ಬೇರೆಯವರ ಬೆವರಿನ ಬೆಲೆಯೂ ಗೊತ್ತಿರುತ್ತದೆ.

ಯಾವ ಯಾವ ಕಾಗದ ಬೇಕು?

ಚರ್ಚಿನಿಂದ ಜ್ಞಾನಸ್ನಾನ (ಬ್ಯಾಪ್ಟಿಸಂ) ಮತ್ತು ದೃಢೀಕರಣ (ಕನ್ಫರ್ಮೇಶನ್) ಸಂಸ್ಕಾರಗಳ ಪತ್ರ. ಹೊರದೇಶಕ್ಕೆ ಪಾಸ್‌ಪೋರ್ಟ್, ಪೊಲೀಸ್ ಕ್ಲಿಯರೆನ್ಸ್, ಓದಿದ ಸರ್ಟಿಫಿಕೇಟ್‌ಗಳು. ಕೀನ್ಯಾದಲ್ಲಿ ಧಾರ್ಮಿಕ, ಸೇವಾ ಕೆಲಸಕ್ಕೆ ಬರುವವರಿಗೆ 'ಕ್ಲಾಸ್ ಐ' ಅಂತ ಬೇರೆಯೇ ಪರ್ಮಿಟ್ ಇದೆ, ಅದನ್ನು ಅಲ್ಲಿನ ಸಂಸ್ಥೆಯ ಮೂಲಕ ಮಾಡಿಸುತ್ತಾರೆ. ಪ್ರವಾಸಿಯಾಗಿ ಹೋಗಿ ಕೆಲಸ ಮಾಡುವ ಹಾಗಿಲ್ಲ.

ನಮ್ಮವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಇಂಗ್ಲಿಷಿನಲ್ಲಿ ಡಿಸೋಜ, ಡಿಸಿಲ್ವ ಬರೆಯುವಾಗ 'ಡಿ' ಆದ ಮೇಲೆ ಮೇಲ್ಗಡೆ ಒಂದು ಗೀಟು ಬರುತ್ತದಲ್ಲ, ಚರ್ಚಿನ ಪುಸ್ತಕದಲ್ಲಿ ಅದು ಇರುತ್ತದೆ, ಆಧಾರ್‌ನಲ್ಲಿ ಇರುವುದಿಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಗೀಟಿನ ಬದಲು ಖಾಲಿ ಜಾಗ ಬಿಟ್ಟಿರುತ್ತಾರೆ. ಒಬ್ಬನೇ ಮನುಷ್ಯ, ಮೂರು ಹೆಸರು. ಈ ದಾರಿಯ ಯೋಚನೆ ಇರುವವರು ಪಿಯುಸಿಯಲ್ಲಿರುವಾಗಲೇ ಎಲ್ಲ ಕಾಗದ ಮೇಜಿನ ಮೇಲೆ ಹರಡಿ ಹೋಲಿಸಿ ನೋಡಿ.

ಇಂಜೆಕ್ಷನ್ ಎಲ್ಲ ತಗೊಳ್ಬೇಕಾ? ಮಲೇರಿಯಾ ಹೆದರಿಕೆ ಇಲ್ವಾ?

ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು, ಸರ್ಟಿಫಿಕೇಟ್ ಊರ್ಜಿತವಾಗುವುದು 10 ದಿನ ಕಳೆದ ಮೇಲೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಅದಿಲ್ಲದೆ ಕೀನ್ಯಾದಿಂದ ಊರಿಗೆ ವಾಪಸ್ ಬಂದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್‌ಗೆ ಹೋಗಬೇಕಾಗಬಹುದು.

ಮಂಗಳೂರಿನವನಿಗೆ ಮಲೇರಿಯಾ ಹೊಸದಲ್ಲ. ಆದರೆ ಇಲ್ಲಿ ಜಾಸ್ತಿ ಬರುವುದು ವೈವಾಕ್ಸ್ ಅನ್ನುವ ಬಗೆ, ಅಲ್ಲಿ ಫಾಲ್ಸಿಪಾರಮ್. ಎರಡನೆಯದು ಬೇಗ ಜೀವಕ್ಕೇ ಬರಬಹುದು. 'ನಮಗೆಲ್ಲ ಆಗಿ ಹೋಗಿದೆ' ಅನ್ನುವ ಧೈರ್ಯ ಬೇಡ. ಇನ್ನೊಂದು, ಸ್ವೆಟರ್ ಇಟ್ಟುಕೊಳ್ಳಿ. ನೈರೋಬಿ ಇರುವುದು ಸುಮಾರು 1,700 ಮೀಟರ್ ಎತ್ತರದಲ್ಲಿ, ಜುಲೈಯಲ್ಲಿ ಚಳಿ. ಆಫ್ರಿಕಾ ಅಂದ ಕೂಡಲೇ ಸೆಕೆ ಅಂದುಕೊಳ್ಳುವವರು ನಮ್ಮ ಪಣಂಬೂರಿನಲ್ಲಿ ಮೇ ತಿಂಗಳು ಕಳೆಯಲಿ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ನೇರ ಕೇಳ್ತೇನೆ, ಬೇಜಾರು ಮಾಡ್ಬೇಡ. ಮತಾಂತರ ಮಾಡ್ಲಿಕ್ಕೆ ಹೋಗುವುದಲ್ವಾ?

ನೇರ ಕೇಳಿದ್ದು ಒಳ್ಳೆಯದಾಯಿತು, ಹಿಂದಿನಿಂದ ಮಾತಾಡುವುದಕ್ಕಿಂತ. ನನಗೆ ಯೇಸುವಿನ ಮೇಲೆ ನಂಬಿಕೆ ಇದೆ, ಕೇಳಿದವರಿಗೆ ಮುಚ್ಚಿಡುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಇಷ್ಟು ದೂರ ಹೋಗುವ ಅಗತ್ಯವೂ ಇರುತ್ತಿರಲಿಲ್ಲ. ಆದರೆ ವೈರಿಂಗ್ ಕಲಿಸಿ 'ಈಗ ಚರ್ಚಿಗೆ ಬಾ' ಅನ್ನುವುದು ವ್ಯಾಪಾರ. ಒತ್ತಾಯದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ಸೇರಿಸಬಾರದು ಅಂತ ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯೇ ಹೇಳಿದೆ. ನನ್ನ ಹತ್ತಿರ ಕಲಿತವನು ಮುಸಲ್ಮಾನನಾಗಿಯೇ ಇದ್ದು ಒಳ್ಳೆ ಎಲೆಕ್ಟ್ರಿಶಿಯನ್ ಆದರೆ ನನ್ನ ಕೆಲಸ ಅರ್ಧಕ್ಕೆ ನಿಂತಿತು ಅಂತ ನನಗೆ ಅನಿಸುವುದಿಲ್ಲ. ಹೀಗೆ ಯೋಚಿಸದ ಪ್ರಚಾರಕರೂ ಇದ್ದಾರೆ, ಅವರಿಗೂ ನಮಗೂ ಸೇರಿ ಒಂದೇ ಹೆಸರು ಬರುತ್ತದೆ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಕೀನ್ಯಾದಲ್ಲಿ ಕ್ರೈಸ್ತರು ಆಗಲೇ ಇದ್ದಾರಲ್ಲ, ಮತ್ತೆ ನೀವು ಯಾಕೆ?

2019ರ ಜನಗಣತಿ ಪ್ರಕಾರ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಕ್ರೈಸ್ತರು. ಅವರದ್ದೇ ಬಿಷಪ್ಪರಿದ್ದಾರೆ, 1973ರಲ್ಲೇ ಅವರ ಮೌರಿಸ್ ಒಟುಂಗಾ ಕಾರ್ಡಿನಲ್ ಆದರು. ಹೊರಗಿನ ಸಂಸ್ಥೆ ಅಲ್ಲಿ ಒಂದು ಮನೆ ತೆರೆಯಬೇಕಾದರೂ ಅಲ್ಲಿನ ಬಿಷಪ್ಪರ ಒಪ್ಪಿಗೆ ಬರಹದಲ್ಲಿ ಬೇಕು. ಅಂದರೆ ನಾವು ಯಜಮಾನರಾಗಿ ಹೋಗುವುದಲ್ಲ, ಕರೆದ ಕೆಲಸಕ್ಕೆ ಹೋಗುವುದು. ಕೆಲಸಕ್ಕಂತೂ ಬರವಿಲ್ಲ. ತುರ್ಕಾನಾ ಕಡೆಯ ಕಾಕುಮಾ ನಿರಾಶ್ರಿತರ ಶಿಬಿರ ಶುರುವಾದದ್ದು 1992ರಲ್ಲಿ. ಅಲ್ಲೇ ಹುಟ್ಟಿ ಅಲ್ಲೇ ಮದುವೆ ವಯಸ್ಸಿಗೆ ಬಂದವರಿದ್ದಾರೆ.

ನಮ್ಮಲ್ಲೇ ಬಡವರಿಲ್ವಾ? ಅಷ್ಟು ದೂರ ಹೋಗ್ಬೇಕಾ?

ಇದ್ದಾರೆ. ಅದಕ್ಕೇ ನಮ್ಮಲ್ಲಿ ಹೆಚ್ಚಿನವರು ಇಲ್ಲೇ ಉಳಿಯುತ್ತಾರೆ. ಡಾಕ್ಟರ್ ಲೊಂಬಾರ್ಡ್ ಇದೇ ಪ್ರಶ್ನೆಗೆ ಸೋತು ಊರಲ್ಲೇ ಉಳಿದಿದ್ದರೆ ಉಡುಪಿಯ ಹೆಂಗಸರಿಗೆ ನಷ್ಟ ಆಗುತ್ತಿತ್ತು, ಅಷ್ಟೇ ಹೇಳುತ್ತೇನೆ.

ಇದೆಲ್ಲ ಬಿಳಿಯರು ಮಾಡುವ ಕೆಲಸ. ನಮ್ಮವರು ಯಾರು ಹೋಗಿದ್ದಾರೆ?

ಮುಡಿಪು ಗುಡ್ಡೆಯ ಸಂತ ಜೋಸೆಫ್ ವಾಜ್ ಕ್ಷೇತ್ರಕ್ಕೆ ನೀವೂ ಹೋಗಿರುತ್ತೀರಿ. ಅವರು ಗೋವಾದವರು, 1681ರಿಂದ ಕೆಲವು ವರ್ಷ ನಮ್ಮ ಕೆನರಾದಲ್ಲಿದ್ದರು. 1687ರಲ್ಲಿ ಸಿಲೋನ್‌ಗೆ ಹೋದರು. ಅಲ್ಲಿನ ಕರಾವಳಿಯಲ್ಲಿ ಡಚ್ಚರ ಆಳ್ವಿಕೆ, ಕಥೋಲಿಕ ಗುರುಗಳಿಗೆ ಪ್ರವೇಶವಿಲ್ಲ. ವೇಷ ಮರೆಸಿ ಇಳಿದರು. ಕ್ಯಾಂಡಿಯಲ್ಲಿ ಗೂಢಚಾರ ಅಂತ ಸೆರೆಗೆ ಹಾಕಿದರು. ತಮಿಳು, ಸಿಂಹಳ ಎರಡೂ ಕಲಿತರು. 1697ರ ಸಿಡುಬಿನಲ್ಲಿ ರೋಗಿಗಳನ್ನು ಬಿಟ್ಟು ಜನ ಓಡಿದಾಗ ಇವರು ಕೂತು ಆರೈಕೆ ಮಾಡಿದರು, ಕ್ಯಾಂಡಿಯ ರಾಜನ ವಿಶ್ವಾಸ ಗಟ್ಟಿಯಾದದ್ದು ಆಗ. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಕೊಲಂಬೊದಲ್ಲಿ ಸಂತರೆಂದು ಸಾರಿದರು. ಬಿಳಿಯರ ಹಣ, ಬಿಳಿಯರ ಸೈನ್ಯ ಯಾವುದೂ ಅವರ ಹಿಂದೆ ಇರಲಿಲ್ಲ.

ಆಫ್ರಿಕಾದವರು ನಮ್ಮನ್ನು ಹೇಗೆ ನೋಡ್ತಾರೆ?

ನಾವು ಅವರನ್ನು ಹೇಗೆ ನೋಡುತ್ತೇವೆ ಅನ್ನುವುದು ಮೊದಲು. 'ಅಯ್ಯೋ, ಅಲ್ಲಿಗಾ? ಕಪ್ಪು ಜನ ಅಲ್ವಾ' ಅಂತ ಹೇಳಿದ ನೆಂಟರಿದ್ದಾರೆ. ಮಂಗಳೂರಲ್ಲಿ ಓದುವ ಆಫ್ರಿಕಾದ ವಿದ್ಯಾರ್ಥಿಗಳು ಬಸ್ ಹತ್ತಿದರೆ ಪಕ್ಕದ ಸೀಟು ಖಾಲಿ ಉಳಿಯುವುದನ್ನು ನಾನೇ ನೋಡಿದ್ದೇನೆ.

ಕೀನ್ಯಾಕ್ಕೆ ಭಾರತೀಯರು ಹೊಸಬರಲ್ಲ. 1896ರಿಂದ 1901ರವರೆಗೆ ಉಗಾಂಡಾ ರೈಲು ದಾರಿ ಹಾಕಲು 30 ಸಾವಿರಕ್ಕೂ ಹೆಚ್ಚು ಕೂಲಿಗಳು ಇಲ್ಲಿಂದ ಹೋದರು. ಆಮೇಲೆ ಅಂಗಡಿಯವರು. 2017ರಲ್ಲಿ ಅಲ್ಲಿನ ಸರ್ಕಾರ ಏಷ್ಯಾ ಮೂಲದವರನ್ನು ದೇಶದ 44ನೇ ಬುಡಕಟ್ಟು ಅಂತ ಘೋಷಿಸಿತು. ಆದರೂ 'ಮುಹಿಂದಿ' ಅಂದರೆ ಹಣವಂತ, ತನ್ನವರೊಳಗೇ ಇರುವವನು ಅನ್ನುವ ಭಾವನೆ ಉಂಟಂತೆ. ಸಿಸ್ಟರ್ ಕೊಟ್ಟ ಸಲಹೆ ಹೀಗಿದೆ: ಮೊದಲ ವರ್ಷ ಭಾರತೀಯರ ಅಂಗಡಿ ಸಾಲಿನ ಕಡೆ ಕಾಲಿಡಬೇಡ, ಹಪ್ಪಳ ಬೇಕು ಅನಿಸಿದರೂ.

ಅರ್ಧದಲ್ಲಿ ಬಿಟ್ಟು ಬಂದರೆ?

ಬರಬಹುದು. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಮುಂದುವರಿಸದೆ ಹೊರಡುವುದಕ್ಕೆ ಪೂರ್ತಿ ಸ್ವಾತಂತ್ರ್ಯ ಇದೆ. ಇಷ್ಟು ವರ್ಷ ಹಂತ ಹಂತವಾಗಿ ಇಟ್ಟಿರುವುದು ಇದೇ ಕಾರಣಕ್ಕೆ. ಸಂಶಯ ನನಗೂ ಬರುತ್ತದೆ, ಹೆಚ್ಚಾಗಿ ಗೆಳೆಯರ ಮದುವೆಗೆ ಹೋಗಿ ಬಂದ ರಾತ್ರಿ.

ನಿಯಮ ಉದಾರವಾಗಿದೆ, ಊರು ಇಲ್ಲ. ಬಿಟ್ಟು ಬಂದ ಹುಡುಗನನ್ನು ನಮ್ಮ ಜನ ಪ್ರತಿ ಫಂಕ್ಷನ್‌ನಲ್ಲೂ ನಿಲ್ಲಿಸಿ 'ಯಾಕೆ ಬಿಟ್ಟೆ, ಹುಡುಗಿ ವಿಷಯವಾ?' ಅಂತ ಕೇಳುತ್ತಾರೆ. ಅಮ್ಮಂದಿರು ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ನನ್ನ ಬ್ಯಾಚಿನಲ್ಲಿ ಹೊರಟವರಲ್ಲಿ ಒಬ್ಬ ಈಗ ಮಣಿಪಾಲದಲ್ಲಿ ನರ್ಸ್, ಇನ್ನೊಬ್ಬ ಕುಂದಾಪುರದ ಕಡೆ ಮೇಷ್ಟ್ರು. ಅಂಥವರು ಸಿಕ್ಕಿದರೆ ಕೆಲಸದ ಬಗ್ಗೆ ಕೇಳಿ, ಮನೆಯವರ ಬಗ್ಗೆ ಕೇಳಿ. ಬಿಟ್ಟ ಕಾರಣ ಹೇಳಬೇಕು ಅನಿಸಿದರೆ ಅವರೇ ಹೇಳುತ್ತಾರೆ.